ಬ್ರೇಕಿನ ಕೆಳಗೆ ಸೋದರಮಾವ

ನಾನು ಇಪ್ಪತ್ತೆರಡು ವರ್ಷಗಳಿಂದ ಕಲಬುರಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಸಮವೇಗ ಎಂದರೇನು, ಘರ್ಷಣೆ ಎಂದರೇನು, ತಂತಿ ಎಲ್ಲಿ ಕಡಿದರೆ ದೀಪ ಎಲ್ಲಿ ಆರುತ್ತದೆ, ಇವೆಲ್ಲ ನನಗೆ ಬಾಯಿಪಾಠ. ಇಂಥವನು ಒಂದು ಹಳೆಯ ಕಾರು ಕೊಂಡರೆ ಆ ಕಾರು ಇವನಿಗೆ ಹೆದರಿಕೊಂಡು ಇರಬೇಕು. ಹಾಗೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಕಾರು ವ್ಯಾಗನ್ ಮಾದರಿಯದು. ಮುಂದಿನಿಂದ ನೋಡಿದರೆ ಎಲ್ಲ ಕಾರುಗಳಂತೆಯೇ ಇದೆ. ಹಿಂದಕ್ಕೆ ಮಾತ್ರ ಮುಗಿಯುವುದೇ ಇಲ್ಲ. ಊರು ಬಿಟ್ಟು ಹೋಗುತ್ತಿದ್ದ ಡಾಕ್ಟರೊಬ್ಬರಿಂದ ಕೊಂಡದ್ದು, ಅಚ್ಚ ಬಿಳಿ ಬಣ್ಣ. ಮನೆಯ ಮುಂದೆ ತಂದು ನಿಲ್ಲಿಸಿದ ದಿನ ಎದುರುಮನೆಯ ಕಾಶೀಬಾಯಿ ಬಾಯಿಗೆ ಸೆರಗು ಹಿಡಿದು ಓಡಿ ಬಂದರು.

"ಯಾರಿಗೇನಾತ್ರೀ ಸರ?"

"ಯಾರಿಗೂ ಏನೂ ಆಗಿಲ್ರಿ. ನಾ ಗಾಡಿ ತಗೊಂಡೀನಿ."

"ಹೌದಾ! ನಾ ಅಂಬುಲೆನ್ಸ್ ಬಂತು ಅಂತ ಮಾಡಿದ್ನಿ."

ನನ್ನ ಹೆಂಡತಿ ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು. "ಅವ್ರು ಅಂಬುಲೆನ್ಸ್ ಅಂದ್ರು, ಪುಣ್ಯಾ. ಅದರಾಗ ಹೋಗಾವ್ರಿಗಿ ಇನ್ನಾ ಜೀವ ಇರ್ತದ. ನನಗ ಅದರ ಮುಂದಿನ ಗಾಡಿ ಅನಿಸಿತ್ತು" ಎಂದು ಒಳಗೆ ಹೋದಳು.

ಇವರಿಗೆಲ್ಲ ಏನು ಗೊತ್ತು! ಆ ಗಾಡಿಯ ಸ್ಟೀರಿಂಗಿನ ಮೇಲೊಂದು ಗುಂಡಿ ಇತ್ತು. ಬೇಕಾದ ವೇಗಕ್ಕೆ ಬಂದು ಅದನ್ನು ಒತ್ತಿದರೆ ಸಾಕು, ಕಾಲು ತೆಗೆದರೂ ಗಾಡಿ ಅದೇ ವೇಗದಲ್ಲಿ ಓಡುತ್ತದೆ. ಬ್ರೇಕ್ ಮುಟ್ಟಿದರೆ ಸುಮ್ಮನಾಗುತ್ತದೆ. ಇದಕ್ಕೆ ಕ್ರೂಸ್ ಕಂಟ್ರೋಲ್ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಸಮವೇಗ ಈಗ ನನ್ನ ಹೆಬ್ಬೆರಳಿನ ಕೆಳಗೆ ಬಂದು ಕೂತಿತ್ತು. ನಮ್ಮ ಊರಿನಲ್ಲಿ ನೂರು ಗಜ ಒಂದೇ ವೇಗದಲ್ಲಿ ಹೋಗುವ ರಸ್ತೆ ಇಲ್ಲ ಎನ್ನುವುದು ಬೇರೆ ವಿಷಯ.

ಒಂದೇ ಒಂದು ಕೊರತೆ. ಅದು ಕೆಲಸ ಮಾಡುತ್ತಿರಲಿಲ್ಲ!

ಸ್ಟೇಶನ್ ಬಜಾರದ ಹಿಂದೆ ಗ್ಯಾರೇಜ್ ಇಟ್ಟುಕೊಂಡಿರುವ ಮಹೆಬೂಬ್ ಭಾಯಿ ಒಂದು ನಿಮಿಷ ಕೆಳಗೆ ಬಗ್ಗಿ ನೋಡಿ ಎದ್ದು ಕೈ ಒರೆಸಿಕೊಂಡರು.

"ಸರ್, ಬ್ರೇಕ್ ಪೆಡಲಿನ ಮ್ಯಾಲ ಒಂದು ಸ್ವಿಚ್ ಅದ. ಪೆಡಲಿಗಿ ಒಂದು ರಬ್ಬರ್ ಬಿಲ್ಲಿ ಇರ್ತದ, ಅದು ಆ ಸ್ವಿಚ್ಚಿಗಿ ಒತ್ತಿ ಹಿಡೀತದ. ಈಗ ಆ ಬಿಲ್ಲಿ ಪುಡಿಪುಡಿ ಆಗಿ ಬಿದ್ದು ಹೋಗ್ಯದ. ಅದಕ್ಕ ಗಾಡಿಗಿ ಹರ್ ವಕ್ತ್ ನೀವು ಬ್ರೇಕ್ ತುಳಿದೀರಿ ಅಂತನೇ ಅನಸ್ತದ. ಹಿಂದ ಲಾಲ್ ಬತ್ತಿ ಹತ್ತೇ ಇರ್ತಾವ, ಬ್ಯಾಟರಿ ಖಲಾಸ್ ಆಗ್ತದ. ಕ್ರೂಸ್ ಹೆಂಗ ಹಿಡೀಬೇಕು? ಹಳೀ ಗಾಡಿಗಿ ಇದು ಆಮ್ ಬಿಮಾರಿ. ಬಿಲ್ಲಿ ಹೈದರಾಬಾದಿಂದ ತರಸ್ತೀನಿ. ಎಂಟು ದಿನ ಸಬರ್ ಮಾಡ್ರಿ."

ಎಂಟು ದಿನ! ನನಗೆ ಆರು ದಿನದಲ್ಲೇ ಆ ಗುಂಡಿ ಬೇಕಾಗಿತ್ತು. ಯಾಕೆಂದರೆ ಆರನೆಯ ದಿನ ನಮ್ಮ ಭಾಗ್ಯಾಳ ನಿಶ್ಚಯ ಕಾರ್ಯ.

ಭಾಗ್ಯಾ ನನ್ನ ಶಾಂತಕ್ಕನ ಒಬ್ಬಳೇ ಮಗಳು. ನಮ್ಮ ಭಾವ ತೀರಿ ನಾಲ್ಕು ವರ್ಷ ಆಯಿತು. ಆಮೇಲೆ ಭಾಗ್ಯಾ ಲ್ಯಾಬ್ ಟೆಕ್ನೀಶಿಯನ್ ಓದು ಮುಗಿಸಿ, ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಮನೆಯನ್ನು ಎತ್ತಿ ನಿಲ್ಲಿಸಿದ್ದಳು. ಕಮಲಾಪುರದ ಶರಣಪ್ಪನವರು, ತೊಗರಿ ವ್ಯಾಪಾರದ ದೊಡ್ಡ ಮನೆಯವರು, ಮಗನಿಗೆ ಅವಳನ್ನು ಕೇಳಿದ್ದರು. ಹುಡುಗ ಬಸವರಾಜ ಒಳ್ಳೆಯವನು. ಕಾರ್ಯ ಅವರ ಮನೆಯಲ್ಲೇ, ಹನ್ನೊಂದೂವರೆಯ ಗಳಿಗೆ.

ತಂದೆ ಇಲ್ಲದ ಹುಡುಗಿಗೆ ಸೋದರಮಾವನೇ ಎಲ್ಲ. ಆದ್ದರಿಂದ ನನ್ನ ಮೇಲೆ ಎರಡು ಜವಾಬ್ದಾರಿ ಬಿದ್ದವು. ಒಂದು, ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಕಮಲಾಪುರಕ್ಕೆ ಮುಟ್ಟಿಸುವುದು. ಎರಡನೆಯದು ಅದಕ್ಕಿಂತ ದೊಡ್ಡದು. ಮದುವೆಯಾದ ಮೇಲೂ ಭಾಗ್ಯಾ ಕೆಲಸ ಬಿಡುವುದಿಲ್ಲ ಎಂಬ ಮಾತನ್ನು ಗಳಿಗೆಗೆ ಮೊದಲು ಶರಣಪ್ಪನವರ ಕಿವಿಗೆ ಹಾಕಿ, ಒಪ್ಪಿಗೆ ಪಡೆಯುವುದು. ಅವರ ಮನೆಯ ಹೆಣ್ಣುಮಕ್ಕಳು ಯಾರೂ ಹೊರಗೆ ಹೋಗಿ ದುಡಿದವರಲ್ಲ. "ನೀ ಗಂಡಸು, ಕಾಲೇಜಿನ್ಯಾಗ ಕಲಿಸಾಂವ. ನಿನ್ನ ಮಾತಿಗಿ ತೂಕ ಇರ್ತದ. ಆ ಮಾತು ಮೊದಲೇ ಆಗ್ಬೇಕು ನೋಡು, ನಿಶ್ಚಯದ ಸಕ್ಕರಿ ತಿಂದ ಮ್ಯಾಲ ಆಗಂಗಿಲ್ಲ" ಎಂದು ಅಕ್ಕ ಕೈ ಹಿಡಿದು ಹೇಳಿದ್ದಳು.

ಗಳಿಗೆಗೆ ಮೊದಲು ಸ್ವಲ್ಪ ಮಾತಾಡುವುದಿದೆ ಎಂದು ಶರಣಪ್ಪನವರಿಗೆ ಫೋನಿನಲ್ಲಿ ಹೇಳಿಟ್ಟೆ. ಆ ಮಾತನ್ನು ಹೇಗೆ ಆಡಬೇಕು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಿದ್ದು ರಬ್ಬರ್ ಬಿಲ್ಲೆಯ ಬಗ್ಗೆ.

ಒಂದು ಸಂಜೆ ನನ್ನ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು, ಬ್ಲೇಡಿನಿಂದ ದುಂಡಗೆ ಕತ್ತರಿಸಿದೆ. ಕಾರಿನೊಳಗೆ ತಲೆ ಕೆಳಗಾಗಿ ಇಳಿದು, ಕಾಲುಗಳನ್ನು ಬಾಗಿಲಿನ ಹೊರಗೆ ಬಿಟ್ಟು, ಅಂಟು ಹಚ್ಚಿ ಪೆಡಲಿಗೆ ಕೂರಿಸಿದೆ. ಕಾಶೀಬಾಯಿ ಮತ್ತೊಮ್ಮೆ ಬಂದು, "ಯಾರಿಗೇನಾತ್ರೀ?" ಎಂದು ಕೇಳಿ ಹೋದರು. ಹಿಂದಿನ ಕೆಂಪು ದೀಪ ಆರಿತು! ಹೈದರಾಬಾದಿನಿಂದ ಬರಬೇಕಾಗಿದ್ದದ್ದನ್ನು ನಾನು ಕಂಪಾಸ್ ಪೆಟ್ಟಿಗೆಯಿಂದ ತೆಗೆದಿದ್ದೆ. ಮರುದಿನ ಹುಮನಾಬಾದ್ ರಸ್ತೆಯಲ್ಲಿ ಗುಂಡಿ ಒತ್ತಿದೆ. ಗಾಡಿ ಹಿಡಿದುಕೊಂಡಿತು. ಸ್ಟೀರಿಂಗ್ ಬಿಟ್ಟು ಕೈ ಮುಗಿಯಬೇಕೆನಿಸಿತು. ಮುಗಿಯಲಿಲ್ಲ, ಅಷ್ಟು ಬುದ್ಧಿ ಇತ್ತು.

ಅಲ್ಲಿಯೇ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದೆ. ಈ ಕರೆಯ ವಿವರವನ್ನು ನಾನು ನಾಚಿಕೆಯಿಂದ ಇಲ್ಲಿ ಸಲ್ಲಿಸುತ್ತಿದ್ದೇನೆ.

"ಅಕ್ಕಾ, ಕ್ರೂಸ್ ಕಂಟ್ರೋಲ್ ಆತು!"

"ಕ್ರೂಸರ್ ಕಂಟ್ರೋಲ್ ಆತಾ?"

"ಹೂಂ, ಪಕ್ಕಾ! ಈಗ ನೋಡಿನಿ."

"ಅಂದ್ರ ಮಲ್ಲಣ್ಣಗ ಬ್ಯಾಡ ಅನ್ಲೇನೋ?"

ಮಲ್ಲಣ್ಣ ಯಾರು ಎಂದು ಕೇಳುವಷ್ಟು ವ್ಯವಧಾನ ನನಗೆಲ್ಲಿ? ಯಾರೋ ಅವಳ ಓಣಿಯ ಮೆಕ್ಯಾನಿಕ್ ಇರಬೇಕೆಂದುಕೊಂಡೆ. "ಯಾರೂ ಬ್ಯಾಡಕ್ಕಾ! ಎಲ್ಲಾ ನನ್ನ ಕೈಯಾಗ ಅದ" ಎಂದೆ.

"ಮತ್ತ ಬೀಗರ ಜೋಡಿ ಆ ಮಾತು?"

"ಅದೂ ನನ್ನ ಕೈಯಾಗ ಅದ!"

ನಮ್ಮ ಭಾಗದವರಿಗೆ ಕ್ರೂಸರ್ ಎಂದರೆ ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಅದು ಉದ್ದನೆಯ ಜೀಪಿನಂಥ ಬಾಡಿಗೆ ಗಾಡಿ. ಅದರಲ್ಲಿ ಎಷ್ಟು ಜನ ಕೂರಬಹುದು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಮದುವೆ, ಮುಂಜಿ, ಆಸ್ಪತ್ರೆ, ದೇವರು, ಏನೇ ಇರಲಿ, ಓಣಿಯಲ್ಲೊಂದು ಕ್ರೂಸರ್ ನಿಲ್ಲುತ್ತದೆ. ಮಲ್ಲಣ್ಣ ಅಂಥ ಒಂದು ಕ್ರೂಸರಿನ ಮಾಲೀಕ. ಅಕ್ಕ ಅವನಿಗೆ ಹದಿನೈದು ದಿನ ಮೊದಲೇ ಹೇಳಿಟ್ಟಿದ್ದಳು. ನನ್ನ ಫೋನ್ ಇಟ್ಟ ಮರುಕ್ಷಣವೇ ಅವನಿಗೆ ಬೇಡ ಅಂದಳು.

ನಿಶ್ಚಯದ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಧೋತ್ರ ಉಟ್ಟು, ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದು, ಕೆಂಪು ರುಮಾಲು ಸುತ್ತಿಕೊಂಡು ಸುವರ್ಣಾಳ ಜೊತೆ ವ್ಯಾಗನ್ ಸಮೇತ ಅಕ್ಕನ ಮನೆ ಮುಂದೆ ಇಳಿದೆ. ಅಂಗಳದಲ್ಲಿ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಎಲ್ಲರೂ ನನ್ನ ಗಾಡಿಯನ್ನು ನೋಡಿ, ಅದರ ಹಿಂದಕ್ಕೆ ರಸ್ತೆಯ ತುದಿಯವರೆಗೂ ನೋಡಿದರು.

"ಕ್ರೂಸರ್ ಎಲ್ಲೋ?" ಎಂದಳು ಅಕ್ಕ.

"ಯಾವ ಕ್ರೂಸರ್?"

"ನೀನೇ ಅಂದೆಲ್ಲಾ, ಕ್ರೂಸರ್ ಕಂಟ್ರೋಲ್ ಆತು, ಎಲ್ಲಾ ನನ್ನ ಕೈಯಾಗ ಅದ ಅಂತ!"

ನಾನು ಸ್ಟೀರಿಂಗಿನ ಮೇಲಿನ ಗುಂಡಿ ತೋರಿಸಿದೆ. ಹದಿನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಬಂದು, ಬಗ್ಗಿ, ಗುಂಡಿಯ ದರ್ಶನ ಮಾಡಿಕೊಂಡು ಹೋದರು. ಬೈದಿದ್ದರೆ ಸಹಿಸಬಹುದಿತ್ತು. ಅಕ್ಕ ಮಲ್ಲಣ್ಣನಿಗೆ ಫೋನ್ ಮಾಡಿದಳು; ಅವನು ಬೇರೆ ಬಾಡಿಗೆ ಹಿಡಿದು ಆಗಲೇ ಬೀದರ ದಾರಿಯಲ್ಲಿದ್ದ.

ಕೊನೆಗೆ ನಮ್ಮ ಕಾಕಾನ ಮುಂದಾಳತ್ವದಲ್ಲಿ ಎಂಟು ಜನ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. "ಬೀಗರ ಮನಿಗಿ ಬಸ್ಸಿನ್ಯಾಗ" ಎಂದು ಕಾಕಾ ನನಗೆ ಕೇಳುವ ಹಾಗೆ ಗೊಣಗುತ್ತಲೇ ಹೋದ. ಉಳಿದವರನ್ನು ವ್ಯಾಗನ್ನಿಗೆ ತುಂಬಿದೆ. ಸುವರ್ಣಾ, ಅಕ್ಕ, ಭಾಗ್ಯಾ, ಮತ್ತೆ ಮೂವರು ಹೆಣ್ಣುಮಕ್ಕಳು. ನಮ್ಮ ಬಳಗದ ಹಿರಿಯಳಾದ ಎಪ್ಪತ್ತೆಂಟು ವರ್ಷದ ಗುರುಬಾಯಿ ಆಯಿಯನ್ನು ಹಿಂದೆ ಸಾಮಾನಿಡುವ ಜಾಗದಲ್ಲಿ ಗಾದಿ ಹಾಸಿ, ಹಣ್ಣಿನ ತಟ್ಟೆಗಳ ನಡುವೆ ಕೂರಿಸಿದೆ.

"ನನ್ನ ಒಯ್ಯಾಕ ಬರಾ ಗಾಡಿನೂ ಇಷ್ಟೇ ಉದ್ದ ಇರ್ತದೇನೋ" ಎಂದು ಆಯಿ ಹಿಂದಿನಿಂದ ಕೇಳಿದಳು. ಎಲ್ಲರೂ ನಕ್ಕರು, ಅಕ್ಕನನ್ನು ಬಿಟ್ಟು.

ಇಷ್ಟಾದ ಮೇಲೆ ತೆಪ್ಪಗೆ ಗಾಡಿ ನಡೆಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಹೋದ ಮಾನವನ್ನು ಅದೇ ಗುಂಡಿಯಿಂದ ವಾಪಸು ತರಬೇಕೆಂಬ ಹುಚ್ಚು ನನಗೆ ಹತ್ತಿತು. ಮಹಾಗಾಂವ ದಾಟಿ ರಸ್ತೆ ಖಾಲಿಯಾದಾಗ ಅರವತ್ತರ ವೇಗಕ್ಕೆ ಬಂದು ಗುಂಡಿ ಒತ್ತಿದೆ. ಎರಡೂ ಕಾಲು ಎತ್ತಿ ಸೀಟಿನ ಮೇಲೆ ಮಡಚಿಕೊಂಡು ಕೂತೆ.

"ನೋಡ್ರಿ! ಗಾಡಿ ತಾನೇ ಹೊಂಟದ!"

"ಯಪ್ಪಾ, ಕಾಲು ಕೆಳಗಿಡೋ!" ಎಂದು ಅಕ್ಕ ಚೀರಿದಳು. ಆಯಿ ಜೋರಾಗಿ ಶಿವಶಿವಾ ಅನ್ನತೊಡಗಿದಳು. ಅಷ್ಟರಲ್ಲಿ ರಸ್ತೆಗೆ ಒಂದು ಕುರಿ ಹಿಂಡು ಇಳಿಯಿತು. ಧೋತ್ರದಲ್ಲಿ ಸಿಕ್ಕಿದ್ದ ಕಾಲನ್ನು ಬಿಡಿಸಿಕೊಂಡು ಬ್ರೇಕನ್ನು ಇದ್ದಷ್ಟೂ ಬಲದಿಂದ ತುಳಿದೆ. ಕುರಿಗಳು ಉಳಿದವು. ಪೆಡಲಿನ ಮೇಲೆ ಎಲ್ಲೋ ಟಪ್ ಎಂದಿತು.

ಆಮೇಲೆ ಗುಂಡಿ ಎಷ್ಟು ಒತ್ತಿದರೂ ಹಿಡಿಯಲಿಲ್ಲ. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದ, ಹೊಡೆದ, ಕೊನೆಗೆ ಪಕ್ಕಕ್ಕೆ ಬಂದು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. "ಬ್ರೇಕ್ ಪೇ ಸೋಗಯೇ ಕ್ಯಾ ಪಾವಣೇ? ಪೀಛೇ ಲಾಲ್ ಬತ್ತಿ ಜಲ್‌ತೇಚ್ ಹೈ!"

ಬ್ರೇಕಿನ ಮೇಲೇ ಮಲಗಿಬಿಟ್ಟಿರೇನು ಎಂದು ಕೇಳಿದ್ದ; ಮಾತು ಸ್ಪಷ್ಟವಾಗಿತ್ತು. ಅಂಟು ಬಿಟ್ಟು ರಬ್ಬರ್ ಉದುರಿತ್ತು, ಹಿಂದಿನ ದೀಪ ಹತ್ತಿಕೊಂಡೇ ಇತ್ತು. ಅದರಿಂದ ಗಾಡಿ ಓಡುವುದಕ್ಕೆ ಯಾವ ತೊಂದರೆಯೂ ಇಲ್ಲ. ಕಮಲಾಪುರ ಎರಡೇ ಮೈಲಿ. ಹತ್ತು ಗಂಟೆ ಇಪ್ಪತ್ತು ನಿಮಿಷ. ಯಾವ ಮನುಷ್ಯನಾದರೂ ಸುಮ್ಮನೆ ಹೋಗಿ ಮುಟ್ಟುತ್ತಿದ್ದ.

ನಾನು ರಸ್ತೆ ಬದಿಗೆ, ಕೆಂಪು ಬಾಳೆಹಣ್ಣು ಮಾರುವ ಗುಡಿಸಲಿನ ಮುಂದೆ ನಿಲ್ಲಿಸಿದೆ. "ಐದೇ ನಿಮಿಷ" ಎಂದೆ.

"ಬ್ಯಾಡ್ರೀ, ನಡೀರಿ" ಎಂದಳು ಸುವರ್ಣಾ.

"ನಿನಗೇನ್ ತಿಳೀತದ?"

ಎಂಜಿನ್ ಆರಿಸಿದೆ. ಒಳಗಿದ್ದವರಿಗೆ ಸೆಕೆಯಾಗಬಾರದೆಂದು ಫ್ಯಾನನ್ನು ಪೂರ್ತಿ ಬಿಟ್ಟೆ. ಆಯಿಗೆ ಬೇಸರವಾಗಬಾರದೆಂದು ರೇಡಿಯೋ ಹಚ್ಚಿದೆ. ಹಿಂದಿನ ಕೆಂಪು ದೀಪಗಳಂತೂ ಹತ್ತಿದ್ದವು. ಬ್ಯಾಟರಿ ಗಾಡಿಯಷ್ಟೇ ಹಳೆಯದು. ಭೌತಶಾಸ್ತ್ರ ಬಲ್ಲವನು ಇದನ್ನೆಲ್ಲ ಕೂಡಿಸಿ ನೋಡಬೇಕಿತ್ತು. ಬಲ್ಲವನು ರುಮಾಲು ತೆಗೆದು ಭಾಗ್ಯಾಳ ಕೈಗೆ ಕೊಟ್ಟು, ತಲೆ ಕೆಳಗಾಗಿ ಪೆಡಲಿನ ಬುಡಕ್ಕೆ ಇಳಿದು ರಬ್ಬರ್ ಹುಡುಕತೊಡಗಿದ್ದ. ಐದು ನಿಮಿಷ ಅರ್ಧ ಗಂಟೆಯಾಯಿತು. ಎದ್ದು ಕೀಲಿ ತಿರುಗಿಸಿದರೆ ಗಾಡಿ ಕಟ್ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ರೇಡಿಯೋ ಕೂಡ ಅರ್ಧ ಹಾಡಿಗೆ ನಿಂತಿತು.

ಆಗಲೇ ಕಲಬುರಗಿಯ ಬಸ್ಸು ನಮ್ಮನ್ನು ದಾಟಿ ಹೋಯಿತು. ಕಿಟಕಿಯಲ್ಲಿ ಕಾಕಾ ಕೂತಿದ್ದ. ನಮ್ಮನ್ನು ನೋಡಿ, ಬಹಳ ಗಂಭೀರವಾಗಿ, ಮೆರವಣಿಗೆಯಲ್ಲಿ ಹೋಗುವವರ ಹಾಗೆ ಕೈ ಬೀಸಿದ.

ಇಳಿದು ನೂಕಿದರೆ ಆಗುತ್ತಿತ್ತು. ರೇಷ್ಮೆ ಸೀರೆಯ ಆರು ಹೆಣ್ಣುಮಕ್ಕಳನ್ನು ನೂಕಿರಿ ಎನ್ನುವುದು ಹೇಗೆ? ನಾನು ಮತ್ತೆ ಕೆಳಗಿಳಿದೆ, ಏನೋ ಸಡಿಲವಾಗಿರಬಹುದೆಂಬ ಆಸೆಯಿಂದ. ನಿಜ ಹೇಳುತ್ತೇನೆ, ಅಕ್ಕನ ಮುಖ ನೋಡುವುದಕ್ಕಿಂತ ಪೆಡಲಿನ ಮುಖ ನೋಡುವುದು ಸುಲಭವಾಗಿತ್ತು. ಬೆಳಕಿಗಾಗಿ ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಮೇಲೇಳಲು ಹೋದರೆ ಕುತ್ತಿಗೆ ಏಳಲಿಲ್ಲ! ಕೊರಳಿನಲ್ಲಿ ಲಿಂಗ ಕಟ್ಟಿದ್ದ ಶಿವದಾರ ಬ್ರೇಕ್ ಪೆಡಲಿಗೆ ಸುತ್ತಿಕೊಂಡಿತ್ತು. ಕೈ ಎರಡೂ ಮೈಯ ಕೆಳಗೆ ಸಿಕ್ಕಿದ್ದವು. ಎಳೆದರೆ ದಾರ ಹರಿಯುತ್ತದೆ. ಕಾರ್ಯದ ದಿನ ಶಿವದಾರ ಹರಿದುಕೊಂಡ ಸೋದರಮಾವ ಎಂಬ ಹೆಸರೊಂದು ಬಾಕಿ ಇತ್ತು.

ಹೀಗೆ ನಾನು ತೂಗುತ್ತಿರುವಾಗ ದೊಡ್ಡ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಭಾಗ್ಯಾ ಯಾರಿಗೂ ಹೇಳದೆ ಬಸವರಾಜನಿಗೆ ಫೋನ್ ಮಾಡಿದ್ದಳು. ಶರಣಪ್ಪನವರು ಖುದ್ದಾಗಿ ಗಾಡಿ ತೆಗೆದುಕೊಂಡು ಬಂದಿದ್ದರು. ಯಾವ ಗಾಡಿ ಎಂದು ಹೇಳಬೇಕೇ? ಕ್ರೂಸರ್!

ಅಕ್ಕ, ಸುವರ್ಣಾ, ಆಯಿ, ಹಣ್ಣಿನ ತಟ್ಟೆಗಳು ಎಲ್ಲ ಅದಕ್ಕೆ ಹತ್ತಿದ ಸದ್ದು ರಸ್ತೆಯ ಆಚೆ ಬದಿಯಿಂದ ಕೇಳಿಸಿತು; ಇಲ್ಲಿಯ ಮಾತು ಅಲ್ಲಿಗೆ ಕೇಳುವಂತಿರಲಿಲ್ಲ. ನನ್ನ ರುಮಾಲು ಹಿಡಿದ ಭಾಗ್ಯಾ ಮಾತ್ರ ವ್ಯಾಗನ್ನಿನ ಪಕ್ಕದಲ್ಲೇ ಉಳಿದಳು. ಶರಣಪ್ಪನವರ ಚಪ್ಪಲಿ ಜೀರ್ ಜೀರ್ ಅನ್ನುತ್ತ ಹತ್ತಿರ ಬಂದವು. ಹೊರಗೆ ಚಾಚಿದ್ದ ನನ್ನ ಕಾಲುಗಳಿಗೆ ಅವರು ಕೇಳಿದರು:

"ಏ ಮಿಸ್ತ್ರೀ, ಇನ್ನಾ ಎಷ್ಟೊತ್ತಪಾ?"

"ಅವ್ರು ಮಿಸ್ತ್ರಿ ಅಲ್ರೀ" ಎಂದಳು ಭಾಗ್ಯಾ, ಮೆತ್ತಗೆ. "ನಮ್ಮ ಮಾಮಾ ಅದಾರ್ರಿ."

ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ ಸರಿದವು. ಆಮೇಲೆ ಆ ದೊಡ್ಡ ಮನುಷ್ಯರು ನನ್ನ ಅಂಗಾಲಿಗೆ ಗೌರವದಿಂದ ಅಂದರು: "ಶರಣ್ರೀ ಬೀಗರ."

"ಹೂಂ" ಎಂದೆ. ಬಾಯಲ್ಲಿ ಮೊಬೈಲ್ ಇಟ್ಟುಕೊಂಡವನು ಅಷ್ಟೇ ಅನ್ನಬಲ್ಲ.

"ಗಳಿಗಿಗಿ ಮೊದಲು ಏನೋ ಮಾತಾಡೋದದ ಅಂತ ಫೋನಿನ್ಯಾಗ ಅಂದಿದ್ರೆಲ್ರೀ. ಮನಿಯಾಗ ಮಂದಿ ಭಾಳ ಅದಾರ. ಇಲ್ಲೇ ಹೇಳ್ತೀರೇನು?"

"ಹೂಂ."

ಅವರು ಕಾದರು. ನನ್ನ ಕಾಲ್ಬೆರಳುಗಳು ತಾವಾಗಿಯೇ ಅಲ್ಲಾಡಿದವು ಎಂದು ತೋರುತ್ತದೆ. ಇಪ್ಪತ್ತೆರಡು ವರ್ಷ ತುಂಬಿದ ತರಗತಿಗಳ ಮುಂದೆ ಮಾತಾಡಿದವನು ಆ ಒಂದು ವಾಕ್ಯಕ್ಕಾಗಿ ಒದ್ದಾಡಿದೆ. ಮೊಬೈಲನ್ನು ಉಗುಳಿ ಮಾತಾಡಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲವೋ, ಹೊಳೆದರೂ ಆ ಸ್ಥಿತಿಯಲ್ಲಿ ಬಾಯಿ ತೆರೆಯಲು ಮುಖವಿರಲಿಲ್ಲವೋ, ನಾನು ಆಣೆ ಮಾಡಿ ಹೇಳಲಾರೆ.

"ಮಾಮಾ ಹೇಳ್ಬೇಕಿತ್ರಿ" ಎಂದು ಭಾಗ್ಯಾಳ ದನಿ ಕೇಳಿತು. "ನಾನೇ ಹೇಳ್ತೀನ್ರಿ. ಲಗ್ನ ಆದ ಮ್ಯಾಲೂ ನಾ ನೌಕ್ರಿ ಬಿಡಂಗಿಲ್ರಿ. ಅಪ್ಪ ಹೋದ ಮ್ಯಾಲ ನಮ್ಮ ಮನಿ ನಿಂತಿದ್ದು ಅದರ ಮ್ಯಾಲೇ ಅದರೀ. ಅವ್ವಗ ನಾನೇ ನೋಡ್ಬೇಕು. ಇದು ನಿಮಗ ಒಪ್ಪಿಗಿ ಇಲ್ಲಂದ್ರ ಈಗೇ ಹೇಳ್ರಿ, ನಾವು ಹಿಂದಕ್ಕ ಹೋಗ್ತೀವ್ರಿ."

ಹೇಗೆ ಹಿಂದಕ್ಕೆ ಹೋಗುತ್ತೇವೆ ಎಂದು ನನಗೆ ಭಯವಾಯಿತು. ಗಾಡಿ ಚಾಲೂ ಆಗುವುದಿಲ್ಲ!

"ನಮ್ಮ ಮನಿಯಾಗ ಹೆಣ್ಮಕ್ಕಳು ದುಡೀಲಾಕ ಹೊರಗ ಹೋಗಿಲ್ಲವಾ" ಎಂದರು ಶರಣಪ್ಪನವರು.

"ಗೊತ್ತದರೀ."

"ದಿನಾ ಹೆಂಗ ಹೋಗಿ ಬರ್ತಿ?"

"ಬಸ್ಸಿಗಿ ಹೋಗಿ ಬರ್ತೀನ್ರಿ. ಬಸ್ ತಪ್ಪಿದ್ರ ಕ್ರೂಸರ್ ಇರ್ತಾವ್ರಿ."

ಪೆಡಲಿನ ಹತ್ತಿರ ನನ್ನ ಮೂಗಿನಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಎಲ್ಲಾರೂ ಬಿಸಲಿನ್ಯಾಗ ಕುಂತು ಗಳಗಳ ಅತ್ತಿದ್ರ ಗಳಿಗಿ ಮೀರಿ ಹೋಗ್ತಿತ್ತು" ಎಂದರು ಶರಣಪ್ಪನವರು ನಿಧಾನವಾಗಿ. "ನಮ್ಮ ಬಸವರಾಜಗ ಫೋನ್ ಮಾಡಿ, ಇಂಥಲ್ಲಿ ಅದೀವಿ, ಇಷ್ಟು ಮಂದಿ ಅದೀವಿ, ಇಷ್ಟು ದೊಡ್ಡ ಗಾಡಿ ಬೇಕು ಅಂತ ಹೇಳಿದಾಕಿ ನೀನೇ ಅಲ್ಲಾ? ಇಂಥಾಕಿಗಿ ಮನಿಯಾಗ ಕುಂದ್ರು ಅಂದ್ರ ನನಗೇ ಲುಕ್ಸಾನ. ದುಡೀವಾ. ನಾ ಮನಿಯಾಗ ಹೇಳ್ತೀನಿ." ಆಮೇಲೆ ನನ್ನ ಕಾಲಿನತ್ತ ತಿರುಗಿದರು. "ಮಾಮಾರದೂ ಇದೇ ವಿಚಾರ ಏನ್ರಿ?"

"ಹೂಂ."

ಸೋದರಮಾವನ ಭಾಷಣ ಅಲ್ಲಿಗೆ ಮುಗಿಯಿತು. ಅವರು ಕ್ರೂಸರ್ ಕಡೆ ಹೋದ ಮೇಲೆ ಭಾಗ್ಯಾ ಬಗ್ಗಿ, ಬಳೆ ತುಂಬಿದ ಕೈಯನ್ನು ಒಳಗೆ ಹಾಕಿ, ಒಂದೇ ಕ್ಷಣದಲ್ಲಿ ಶಿವದಾರ ಬಿಡಿಸಿದಳು. ಎದ್ದು ಕನ್ನಡಿ ನೋಡಿಕೊಂಡೆ. ವಿಭೂತಿ ಇದ್ದ ಜಾಗದಲ್ಲಿ ಮೂರು ಸಾಲು ಗ್ರೀಸ್ ಇತ್ತು. ಅವಳು ಕರ್ಚೀಫು ಒದ್ದೆ ಮಾಡಿ ಒರೆಸಿ, ರುಮಾಲು ಇಟ್ಟಳು. ನಾನು ಅವಳ ಹಿಂದೆ ಕ್ರೂಸರ್ ಹತ್ತಿದೆ.

ವ್ಯಾಗನ್ ಬಾಳೆಹಣ್ಣಿನವನ ವಶದಲ್ಲಿ ಅಲ್ಲೇ ಉಳಿಯಿತು. ಎರಡು ದಿನ ಬಿಟ್ಟು ಮಹೆಬೂಬ್ ಭಾಯಿ ಹೋಗಿ ತಂದರು. ಕೆಳಗೆ ಸಿಕ್ಕ ದುಂಡನೆಯ ತುಂಡನ್ನು ನನ್ನ ಅಂಗೈ ಮೇಲಿಟ್ಟು, "ಸರ್, ಈ ರಬ್ಬರ್ ಬರೆದಿದ್ದು ಅಳಸಾಕ ಇರ್ತದ. ಗಾಡಿ ನಡಸಾಕ ಅಲ್ಲ" ಎಂದರು. ನಾನು ಪಾಠ ಕೇಳುವ ಹುಡುಗನ ಹಾಗೆ ತಲೆ ಆಡಿಸಿದೆ.

ಅಂದಿನ ಕಾರ್ಯ ಮಾತ್ರ ಗಳಿಗೆಗೆ ಸರಿಯಾಗಿ ಆಯಿತು. ಸಕ್ಕರೆ ಹಂಚಿದರು, ಹುಡುಗಿಗೆ ಸೀರೆ ಉಡಿಸಿದರು. ಊಟದ ಪಂಕ್ತಿಯಲ್ಲಿ ನನ್ನನ್ನು ಎಲ್ಲರಿಗಿಂತ ಮೊದಲು ಕೂರಿಸಿದರು. ಎದುರು ಸಾಲಿನಲ್ಲಿ ಭಾಗ್ಯಾ ಕೂತಿದ್ದಳು. ಅಕ್ಕ ಹೋಳಿಗೆಯ ಬುಟ್ಟಿ ಹಿಡಿದು ನನ್ನ ಮುಂದೆ ಬಂದು ನಿಂತಳು. ಕಣ್ಣು ತುಂಬಿದ್ದವು. ಬೆಳಗಿನ ಗಾಡಿಯ ಬೈಗುಳ ಈಗ ಬಂತು ಎಂದು ತಲೆ ತಗ್ಗಿಸಿದೆ.

"ಭಾಗ್ಯಾ ಎಲ್ಲಾ ಹೇಳಿದಳೋ" ಎಂದಳು. "ಗಾಡಿ ಕೆಟ್ಟು ನಿಂತ್ರೂ ಎದಿಗುಂದದೆ ಬೀಗರ ಮುಂದ ನಿಂತು ಆ ಮಾತು ಆಡಿದೆಂತ. ಒಪ್ಪಿಗಿ ಇಲ್ಲಂದ್ರ ಹಿಂದಕ್ಕ ಹೋಗ್ತೀವಿ ಅಂದೆಂತ. ಅವರಪ್ಪ ಇದ್ದಿದ್ರೂ ಅಷ್ಟು ಧೈರ್ಯ ಮಾಡ್ತಿದ್ದಿಲ್ಲೋ. ನಾ ಮುಂಜಾನಿ ನಿನಗ ಸುಮ್ಮಸುಮ್ಮನೆ ಮನಸಿನ್ಯಾಗ ಬೈದೆ ನೋಡು."

ಎದುರಿಗೆ ನೋಡಿದೆ. ಭಾಗ್ಯಾ ತಲೆ ಬಗ್ಗಿಸಿ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಸರಿಸುತ್ತಿದ್ದಳು.

ಇಲ್ಲ ಅಕ್ಕಾ, ನಾನಲ್ಲ ಅನ್ನಬೇಕಿತ್ತು. ಆಗ ನನ್ನ ಬಾಯಲ್ಲಿ ಮೊಬೈಲೂ ಇರಲಿಲ್ಲ.

"ಇರ್ಲಿ ಬಿಡಕ್ಕಾ, ಅದೇನ್ ದೊಡ್ಡ ಮಾತು" ಎಂದೆ.

ಅಕ್ಕ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಸುರಿದಳು. ನಾನು ತಿಂದೆ.